ಬೇಡವೆನ್ನುವ ನಮೂನೆ

ಕೌಂಟಿ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು ನನ್ನದು.
ಇಪ್ಪತ್ತೊಂಬತ್ತು ವರ್ಷ
ಪಶ್ಚಿಮ ಕ್ಯಾನ್ಸಸ್ಸಿನ ಈ ಬಯಲಿನ ಹೊಲಗಳಿಗೆಲ್ಲ
ವಿಮಾನದಿಂದ ತೆಗೆದ ಪಟಗಳ ಮೇಲೆ
ಕೆಂಪು ಪೆನ್ಸಿಲಿನಲ್ಲಿ ಬೇಲಿ ಹಾಕಿದ್ದೇನೆ.
ಯಾರ ಗೋಧಿ ಎಲ್ಲಿ ಮುಗಿದು
ಯಾರ ಜೋಳ ಎಲ್ಲಿ ಮೊದಲೆಂದು
ಅವರ ಹೆಂಡಿರಿಗೆ ಗೊತ್ತಿರದಿದ್ದರೂ ನನಗೆ ಗೊತ್ತು.

ಅಜ್ಜ ಬಿತ್ತಿದ ಎಕರೆಗೆ ಮೊಮ್ಮಗನಿಗೆ ಹಣ.
ಬಿತ್ತದೆ ಹುಲ್ಲಿಗೆ ಬಿಟ್ಟುಕೊಟ್ಟರೆ ಅದಕ್ಕೂ ಹಣ.
ಸುಮ್ಮನಿರುವುದಕ್ಕೂ ಕೂಲಿಯುಂಟೆಂದು
ಮೊದಲ ವರ್ಷ ನಗು ಬಂದಿತ್ತು;
ಆ ಹುಲ್ಲಿನಲ್ಲಿ ಹಕ್ಕಿಗಳು ಮೊಟ್ಟೆಯಿಟ್ಟದ್ದು ಕಂಡಮೇಲೆ
ನಗುವುದು ಬಿಟ್ಟೆ.
ದೂರದ ಊರಿನ ಹದಿನಾಲ್ಕನೆಯ ಮಹಡಿಯಲ್ಲಿ
ಕೂತವರ ಹೆಸರಿಗೂ ಇಲ್ಲಿ ಮಣ್ಣುಂಟು.
ವಿಧವೆ ಒಟಿಲಿಯಾಗೆ ವರ್ಷಕ್ಕೆ ಎಪ್ಪತ್ಮೂರು ಡಾಲರು:
ಒಮ್ಮೆ ಅದನ್ನು ಚರ್ಚಿನ ಗಂಟೆಯ ಹಗ್ಗಕ್ಕೆ ಕೊಟ್ಟಳು.

ಆ ಜೂನಿನಲ್ಲಿ, ಕೊಯ್ಲಿಗೆ ಒಂಬತ್ತು ದಿನವಿರುವಾಗ,
ಆಲಿಕಲ್ಲು ಬಿತ್ತು.
ಬಿದ್ದಾಗ ಕೋಳಿಮೊಟ್ಟೆಯಷ್ಟಿದ್ದದ್ದು
ಅರ್ಜಿ ಬರೆಯುವಾಗ ಕುಂಬಳಕಾಯಿಯಷ್ಟಾಯಿತು.

ಚಳಿ ಶುರುವಾದಾಗ ಲಿಯಾಂಡರ್ ಬೀಕರ್ ಬಂದ.
ಟೋಪಿ ಕೈಯಲ್ಲಿ ಹಿಡಿದು
ಗೋಡೆಯ ಪಟವನ್ನು ಬಹಳ ಹೊತ್ತು ನೋಡಿದ.
ಆಮೇಲೆ ನನ್ನ ಮುಂದೊಂದು ಲಕೋಟೆ ಇಟ್ಟ.
“ಇದು ನನ್ನದಲ್ಲ ವರ್ನೀಟಾ.
ಆಲಿಕಲ್ಲು ಬಿದ್ದದ್ದು ರಸ್ತೆಯಾಚೆ.
ನನ್ನ ಗೋಧಿ ನಿಂತೇ ಇತ್ತು. ಕೊಯ್ದೆ. ಮಾರಿದೆ.”
ಹದಿನೆಂಟು ಸಾವಿರದ ನಾನೂರ ಆರು ಡಾಲರು.

ಬೇಡುವುದಕ್ಕೆ ನಲವತ್ತೊಂದು ನಮೂನೆ ನನ್ನ ಕಪಾಟಿನಲ್ಲಿ,
ಬೇಡವೆನ್ನುವುದಕ್ಕೆ ಒಂದೂ ಇಲ್ಲ.
ಮೇಲಿನವರಿಗೆ ಫೋನು ಮಾಡಿದೆ,
ಅವರು ಅವರ ಮೇಲಿನವರಿಗೆ.
“ಯಾಕಂತೆ?” ಎಂದು ಮೂರು ಸಲ ಕೇಳಿದರು.
ಹನ್ನೊಂದು ವಾರಕ್ಕೆ ಹಣ ವಾಪಸು ಹೋಯಿತು,
ಯಾವುದೋ ಬೇರೆ ಲೆಕ್ಕಕ್ಕೆ, ಯಾವುದೋ ಸಾಲಿಗೆ.

ಮರುವರ್ಷ ಪತ್ರಿಕೆಯಲ್ಲಿ ಪಟ್ಟಿ ಅಚ್ಚಾಯಿತು:
ಯಾರಿಗೆ ಎಷ್ಟು, ಹೆಸರು ಸಮೇತ.
ಆ ಗುರುವಾರ ಜೋಲೀನಳ ಹೋಟೆಲಿನಲ್ಲಿ
ಚಮಚಗಳಿಗಷ್ಟೇ ಬಾಯಿತ್ತು.
ತಮ್ಮದು ನೋಡಿ, ಪಕ್ಕದವನದು ನೋಡಿ,
ಆಮೇಲೆ ಕಿಟಕಿಯಾಚೆ ನೋಡಿದರು.
ಯಾರೂ ಕಳ್ಳನೆಂದಿರಲಿಲ್ಲ, ಆದರೂ
ಒಬ್ಬೊಬ್ಬರೂ ಹೆಗಲು ಒರೆಸಿಕೊಂಡರು.

ಕ್ಲೀಟಸ್ ವಾಸಿಂಗರ್, ದಿನವೂ ಅದೇ ಕುರ್ಚಿಯಿಂದ
ಸರ್ಕಾರ ನನ್ನ ಜೇಬಿಂದ ಕೈ ತೆಗೆಯಲಿ ಎನ್ನುವವನು,
ಅವನ ಸಾಲಿನಲ್ಲಿ ಆರು ಅಂಕಿ.
ಪುಟ ಮಡಚಿ ಮೊಣಕೈ ಕೆಳಗಿಟ್ಟು ತಿರುಗಿದ:
“ಏನಪ್ಪಾ ಲಿಯಾಂಡರ್,
ನಿನ್ನ ಹೊಲದಲ್ಲೂ ಆಲಿಕಲ್ಲು ಬಿತ್ತೇ? ಹದಿನೆಂಟು ಸಾವಿರದ್ದು?”
ಹೋಟೆಲಿಗೆ ಹೋಟೆಲೇ ನಕ್ಕಿತು, ಹಗುರಾಗಿ,
ಇನ್ನೊಬ್ಬ ಸಿಕ್ಕಿದನೆಂಬ ನಗು.

ಪಟ್ಟಿಗೆ ಕೊಟ್ಟದ್ದು ಗೊತ್ತು, ಮರಳಿದ್ದು ಗೊತ್ತಿಲ್ಲ.
ಗೊತ್ತಿದ್ದವಳು ನಾನು.
ನನ್ನ ಬಾಯಿಗೆ ಬೀಗ, ಬೀಗಕ್ಕೆ ಮೊಹರು.
ತಟ್ಟೆಯ ಮೊಟ್ಟೆಗೆ ಉಪ್ಪು ಉದುರಿಸಿದೆ,
ಮತ್ತೂ ಉದುರಿಸಿದೆ.
ಲಿಯಾಂಡರ್ ನನ್ನ ಕಡೆ ನೋಡಲಿಲ್ಲ.
ನೋಡಿದ್ದರೆ ಹೇಳಿಬಿಡುತ್ತಿದ್ದೆನೇನೋ.
“ಬಿತ್ತು,” ಎಂದ, “ಸ್ವಲ್ಪ ತಡವಾಗಿ.”
ಎಲ್ಲರ ಕಾಫಿಗೂ ದುಡ್ಡು ಕೊಟ್ಟು
ಟೋಪಿ ಹಾಕಿಕೊಂಡು ಹೊರಟ.

ಮುಂದಿನ ತಿಂಗಳು ನನಗೆ ನಿವೃತ್ತಿ.
ಈಗ ಎಲ್ಲ ಕಂಪ್ಯೂಟರಿನಲ್ಲಿ; ಹಳೆಯ ಪಟಗಳು ಕಸಕ್ಕೆ.
ಸುರುಳಿ ಸುತ್ತುವಾಗ ಅವನ ಹೊಲ ಸಿಕ್ಕಿತು.
ಕೆಂಪು ಗೆರೆ ರಸ್ತೆ ದಾಟಿ
ಆಚೆಯ ತುಂಡನ್ನೂ ಬಳಸಿಕೊಂಡು ಬಂದಿದೆ.
ಗೆರೆ ನನ್ನದು. ಮೂಲೆಯಲ್ಲಿ ನನ್ನ ಸಣ್ಣ ಸಹಿ.

ಅವತ್ತು ಅಷ್ಟು ಹೊತ್ತು ಅವನು ನೋಡಿದ್ದು
ಇದೇ ಪಟವನ್ನು.